ಹೊನ್ನಾವರದ ಹಡಗುಗಳು

ನಡುವಟ್ಟಂನಂತಹ ಬೆಟ್ಟದ ಊರಿನವರಿಗೆ ಕಡಲ ತೀರದ ಚರಿತ್ರೆ ಏಕೆ ಎಂಬ ಪ್ರಶ್ನೆ ಸಹಜವೇ. ಆದರೆ ಇಲ್ಲಿಯ ಸಿಂಕೋನಾ ಗಿಡ ದಕ್ಷಿಣ ಅಮೆರಿಕದಿಂದ ಹಡಗೇರಿ ಬಂದುದು; ಆ ತೋಟಗಳಲ್ಲಿ ದುಡಿದ ಚೀನೀ ಕೈದಿಗಳೂ ಕಡಲು ದಾಟಿಯೇ ಬಂದವರು. ಘಟ್ಟಕ್ಕೂ ಕಡಲಿಗೂ ಇರುವ ಈ ನಂಟನ್ನು ಕನ್ನಡ ನಾಡಿನಲ್ಲಿ ಚೆನ್ನಾಗಿ ಕಾಣಬೇಕಾದರೆ ಶರಾವತಿಯು ಸಮುದ್ರವನ್ನು ಸೇರುವ ಹೊನ್ನಾವರವನ್ನು ನೋಡಬೇಕೆಂದು ನಾವು ಭಾವಿಸುತ್ತೇವೆ.

14ನೆಯ ಶತಮಾನದ ಪ್ರವಾಸಿ ಇಬ್ನ್ ಬತೂತ ಈ ಊರಿನಲ್ಲಿ ತಂಗಿದ್ದನು. ಇಲ್ಲಿ ಬಾಲಕರಿಗೆ 23, ಬಾಲಕಿಯರಿಗೆ 13 ಶಾಲೆಗಳನ್ನು ಕಂಡುದಾಗಿ ಅವನು ಹೇಳುತ್ತಾನೆ. ಬಾಲಕಿಯರ ಶಾಲೆಗಳ ಈ ಮಾತನ್ನು ನಮ್ಮ ಪಠ್ಯಪುಸ್ತಕಗಳು ಇನ್ನಷ್ಟು ಎತ್ತಿ ಹೇಳಬಹುದಿತ್ತು. ಸುಲ್ತಾನ ಜಮಾಲುದ್ದೀನನ ನೌಕಾಬಲಕ್ಕೆ ಅಂಜಿ ಮಲಬಾರಿನವರು ವರ್ಷಂಪ್ರತಿ ಕಾಣಿಕೆ ಒಪ್ಪಿಸುತ್ತಿದ್ದರಂತೆ. ಅವನು 52 ಹಡಗುಗಳೊಡನೆ ಗೋವೆಯ ಮೇಲೆ ದಂಡೆತ್ತಿದಾಗ ಪ್ರವಾಸಿಯೂ ಜೊತೆಗಿದ್ದನು.

ಇಷ್ಟು ಚಿಕ್ಕ ಊರಿಗೆ ಈ ಬಲವನ್ನು ಕೊಟ್ಟುದು ಘಟ್ಟದ ಮೆಣಸು. ಗೇರುಸೊಪ್ಪೆಯ ಮೆಣಸು ಹೊಳೆಯ ದಾರಿಯಲ್ಲಿ ಇಳಿದು ಇಲ್ಲಿ ಹಡಗು ಸೇರುತ್ತಿತ್ತು. ಅಲ್ಲಿಯ ಅರಸಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದೇ ಕರೆದರು. ಅವರ ಕಣ್ಣು ಹೊನ್ನಾವರದ ಮೇಲೆ ಬಿದ್ದುದೂ ಅದಕ್ಕಾಗಿಯೇ. 1505ರಲ್ಲಿ ಅಲ್ಮೇಡಾ ಇಲ್ಲಿಯ ಹಡಗುಗಳಿಗೆ ಬೆಂಕಿ ಇಟ್ಟನು. ಐದು ವರ್ಷಗಳ ತರುವಾಯ ಇಲ್ಲಿಯ ನಾವಿಕ ನಾಯಕ ತಿಮ್ಮಯ್ಯನೇ ಅಲ್ಬುಕರ್ಕನಿಗೆ ಗೋವೆಯ ದಾರಿ ತೋರಿದನು! ಅವನನ್ನು ದ್ರೋಹಿ ಎಂದು ತಳ್ಳಿಹಾಕುವುದು ಸುಲಭ. ಆದರೆ ವಿಜಯನಗರದ ಪರವಾಗಿ ಬಿಜಾಪುರದ ಬಂದರನ್ನು ಮುರಿಯುವ ಲೆಕ್ಕಾಚಾರವೂ ಅಲ್ಲಿತ್ತೆಂದು ನಮಗೆ ತೋರುತ್ತದೆ. ಆ ಲೆಕ್ಕ ತಪ್ಪಿತು. 1569ರಲ್ಲಿ ಪೋರ್ಚುಗೀಸರು ಹೊನ್ನಾವರವನ್ನೇ ವಶಪಡಿಸಿಕೊಂಡು ಕೋಟೆ ಕಟ್ಟಿದರು. ಮುಂದಿನ ಶತಮಾನದಲ್ಲಿ ಕೆಳದಿಯವರು ಅವರನ್ನು ಹೊರಹಾಕಿದರು. ಸಮೀಪದ ದ್ವೀಪದ ಬಸವರಾಜದುರ್ಗವೂ ಕೆಳದಿಯ ಕಾಲದ್ದು.

1763ರಲ್ಲಿ ಬಿದನೂರನ್ನು ಗೆದ್ದ ಹೈದರಲಿಗೆ ಕರಾವಳಿಯೊಡನೆ ಘಟ್ಟದ ತೇಗವೂ ದಕ್ಕಿತು. ಮಂಗಳೂರು, ಹೊನ್ನಾವರಗಳಲ್ಲಿ ಅವನ ನೌಕಾಪಡೆ ನೆಲೆಗೊಂಡಿತು. ಹಡಗು ಕಟ್ಟಲು ಮರವಿತ್ತು. ನಡೆಸುವವರ ನಿಷ್ಠೆ ಇರಲಿಲ್ಲ. 1768ರಲ್ಲಿ ಇಂಗ್ಲಿಷರು ಬಂದಾಗ ಅವನ ಕೆಲವು ಹಡಗುಗಳೇ ಶತ್ರುವಿನ ಕಡೆ ಸೇರಿದವು. 1783ರ ಜನವರಿಯಲ್ಲಿ ಜನರಲ್ ಮ್ಯಾಥ್ಯೂಸ್ ಕೋಟೆಯನ್ನು ಹಿಡಿದನು. ಟಿಪ್ಪುವಿನ ಸೈನ್ಯ ಮುತ್ತಿಗೆ ಹಾಕಿದರೂ ಒಳಗಿದ್ದ ಕ್ಯಾಪ್ಟನ್ ಟೊರಿಯಾನೊ ಬಿಟ್ಟುಕೊಡಲಿಲ್ಲ. 1784ರ ಮಂಗಳೂರು ಒಪ್ಪಂದದ ಬಳಿಕವೇ ಊರು ಮೈಸೂರಿಗೆ ಮರಳಿತು. ಟಿಪ್ಪು 1796ರಲ್ಲಿ ಹೊಸ ನೌಕಾಪಡೆಗೆ ಆಜ್ಞೆ ಹೊರಡಿಸಿದನಾದರೂ ಮೂರೇ ವರ್ಷಗಳಲ್ಲಿ ಶ್ರೀರಂಗಪಟ್ಟಣ ಬಿದ್ದಿತು.

1688ರಲ್ಲಿ ಮೂರನೆಯ ವಿಲಿಯಂ ಇಂಗ್ಲೆಂಡಿಗೆ ಹಡಗೇರಿದ ಹಾಲೆಂಡಿನ ಹೆಲ್ಲೆವುಟ್‌ಸ್ಲೌಸ್ ಎಂಬ ಪುಟ್ಟ ಊರು ತನ್ನ ಕೋಟೆ, ಹಡಗುಕಟ್ಟೆಗಳನ್ನು ಇಂದಿಗೂ ಜೋಪಾನವಾಗಿಟ್ಟುಕೊಂಡಿದೆ. ಹೊನ್ನಾವರಕ್ಕೆ ಹೋದವರಿಗೆ ಹೆದ್ದಾರಿಯ ಸೇತುವೆ ಕಾಣುತ್ತದೆ, ಕೋಟೆಯನ್ನು ಕೇಳಿಕೊಂಡು ಹೋಗಬೇಕು. ದ್ವೀಪದ ಗೋಡೆಗಳು ಮಾತ್ರ ಕಡಲ ನಡುವೆ ನಿಂತಿವೆ. ಶರಾವತಿಯ ಅಳಿವೆಯಲ್ಲಿ ಹೂಳು ತುಂಬುತ್ತಲೇ ಇದೆ. ಯುದ್ಧದ ಹಡಗುಗಳು ಹಾಯುತ್ತಿದ್ದ ಆ ಬಾಗಿಲಿನಲ್ಲಿ ಈಗ ಮೀನುಗಾರರು ಅಲೆಯನ್ನು ನೋಡಿ, ಭರತವನ್ನು ಕಾದು, ದೋಣಿ ದಾಟಿಸುತ್ತಾರೆ.