ಚುಚ್ಚುಮದ್ದಿನ ಕಿವುಡು: ತಾಯಿಯ ಕಡೆಯಿಂದ ಬರುವ ಅಪಾಯ

ಪ್ರಾಣ ಉಳಿಸುವ ಚುಚ್ಚುಮದ್ದೇ ಕೆಲವರ ಶ್ರವಣಶಕ್ತಿಯನ್ನು ಕಸಿದುಕೊಳ್ಳುತ್ತದೆ. ಸ್ಟ್ರೆಪ್ಟೊಮೈಸಿನ್, ಕನಾಮೈಸಿನ್, ಜೆಂಟಾಮೈಸಿನ್, ಅಮಿಕಾಸಿನ್ ಸೇರಿದ ಅಮಿನೊಗ್ಲೈಕೊಸೈಡ್ ಗುಂಪಿನ ಪ್ರತಿಜೀವಕಗಳ ಈ ಅಡ್ಡಪರಿಣಾಮ ಹೊಸದಲ್ಲ. 1943ರಲ್ಲಿ ಅಮೆರಿಕದಲ್ಲಿ ಪತ್ತೆಯಾದ ಸ್ಟ್ರೆಪ್ಟೊಮೈಸಿನ್ ಕ್ಷಯರೋಗಕ್ಕೆ ದೊರೆತ ಮೊದಲ ಪರಿಣಾಮಕಾರಿ ಪ್ರತಿಜೀವಕ. ಅದು ಬಳಕೆಗೆ ಬಂದ ಕೆಲವೇ ವರ್ಷಗಳಲ್ಲಿ ರೋಗಿಗಳಲ್ಲಿ ತಲೆಸುತ್ತು ಮತ್ತು ಕಿವುಡು ಕಾಣಿಸಿಕೊಂಡವು.

ಒಳಕಿವಿಯ ಶಂಖದಲ್ಲಿ ಸುಮಾರು 15 ಸಾವಿರ ರೋಮಕೋಶಗಳಿವೆ. ಶಬ್ದದ ಕಂಪನವನ್ನು ನರದ ಸಂಕೇತವಾಗಿ ಪರಿವರ್ತಿಸುವುದು ಇವುಗಳ ಕೆಲಸ. ಮನುಷ್ಯರಲ್ಲಿ ಒಮ್ಮೆ ನಾಶವಾದ ರೋಮಕೋಶ ಮತ್ತೆ ಹುಟ್ಟುವುದಿಲ್ಲ. ಮೊದಲು ಕೀಚಲು ಧ್ವನಿಗಳು ಕೇಳಿಸದಾಗುತ್ತವೆ. ಮಾತು ಕೇಳಿಸದಾಗುವವರೆಗೆ ಹಾನಿ ಅನೇಕರ ಗಮನಕ್ಕೆ ಬರುವುದೇ ಇಲ್ಲ.

ಔಷಧದ ಪ್ರಮಾಣ, ಚಿಕಿತ್ಸೆಯ ಅವಧಿ, ಮೂತ್ರಪಿಂಡದ ಸ್ಥಿತಿ ಇವೆಲ್ಲವೂ ಹಾನಿಗೆ ಕಾರಣ. ಆದರೆ ಕೆಲವರು ಒಂದೇ ಡೋಸ್‌ಗೆ ಕಿವುಡರಾಗುವುದೇಕೆ? ಇದಕ್ಕೆ 1993ರಲ್ಲಿ ಉತ್ತರ ಸಿಕ್ಕಿತು. ಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯದ ಡಿಎನ್‌ಎಯಲ್ಲಿ 1555ನೇ ಸ್ಥಾನದ 'ಎ' ಅಕ್ಷರ 'ಜಿ' ಆಗಿರುವುದು ಪತ್ತೆಯಾಯಿತು. ಈ ಔಷಧಗಳು ಬ್ಯಾಕ್ಟೀರಿಯದ ರೈಬೋಸೋಮ್‌ಗೆ ಅಂಟಿಕೊಂಡು ಅದನ್ನು ಕೊಲ್ಲುತ್ತವೆ. ಮಾರ್ಪಾಡು ಇದ್ದವರ ಮೈಟೊಕಾಂಡ್ರಿಯದ ರೈಬೋಸೋಮ್ ಬ್ಯಾಕ್ಟೀರಿಯದ ರೈಬೋಸೋಮ್‌ ಅನ್ನು ಹೋಲುವುದರಿಂದ ಔಷಧ ಅದಕ್ಕೂ ಅಂಟಿಕೊಳ್ಳುತ್ತದೆ.

ಮೈಟೊಕಾಂಡ್ರಿಯ ಮಕ್ಕಳಿಗೆ ಬರುವುದು ತಾಯಿಯಿಂದ ಮಾತ್ರ. ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯಲ್ಲಿ ಮನೆತನದ ಹೆಸರು ತಂದೆಯ ಕಡೆಯದು. ಉದಾಹರಣೆಗೆ, ದೊಡ್ಮನೆಯ ಹೆಣ್ಣುಮಗಳಲ್ಲಿ ಈ ಮಾರ್ಪಾಡು ಇದ್ದರೆ, ಆಕೆಯ ಮಗಳು ಯಲ್ಲಾಪುರಕ್ಕೂ ಮೊಮ್ಮಗಳು ಶಿರಸಿಗೂ ಸೊಸೆಯರಾಗಿ ಹೋದಾಗ ಅದೂ ಅವರೊಂದಿಗೆ ಹೋಗುತ್ತದೆ. ಬೇರೆ ಬೇರೆ ಮನೆತನಗಳಲ್ಲಿ ಕಂಡ ಕಿವುಡಿನ ಮೂಲ ಒಂದೇ ಎಂಬುದು ಯಾರಿಗೂ ಹೊಳೆಯದಿರಬಹುದು. ಗಂಡುಮಕ್ಕಳಿಗೂ ಈ ಅಪಾಯವಿದೆ. ಆದರೆ ಅವರಿಂದ ಅದು ಮುಂದಿನ ಪೀಳಿಗೆಗೆ ಹೋಗುವುದಿಲ್ಲ. ಮಾರ್ಪಾಡು ಇರುವ ಎಲ್ಲರೂ ಕಿವುಡರಾಗುವುದಿಲ್ಲ. ಔಷಧವಿಲ್ಲದೆಯೂ ಕೆಲವರ ಶ್ರವಣಶಕ್ತಿ ಕುಂದುವುದುಂಟು.

ಕ್ಷಯರೋಗದ ಮರುಚಿಕಿತ್ಸೆಯಲ್ಲಿ ಸ್ಟ್ರೆಪ್ಟೊಮೈಸಿನ್ ಸೇರಿಸುವ ಕ್ರಮವನ್ನು ಕೈಬಿಡಲು ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಸಲಹೆ ನೀಡಿತು. ಔಷಧನಿರೋಧಕ ಕ್ಷಯಕ್ಕೆ ಕನಾಮೈಸಿನ್ ಬೇಡವೆಂದು 2018ರಲ್ಲಿ ಸೂಚಿಸಿತು. ಆದರೆ ನವಜಾತ ಶಿಶುಗಳ ಸೋಂಕಿಗೆ ಜೆಂಟಾಮೈಸಿನ್ ಇಂದಿಗೂ ಮುಖ್ಯ ಔಷಧ. ಬ್ರಿಟನ್‌ನಲ್ಲಿ ಸುಮಾರು 500 ಮಕ್ಕಳಲ್ಲಿ ಒಬ್ಬರಿಗೆ ಈ ಮಾರ್ಪಾಡು ಇರುವುದು 2009ರಲ್ಲಿ ವರದಿಯಾಗಿದೆ. ಶಿಶುವಿನ ಕೆನ್ನೆಯ ಒಳಭಾಗದ ಮಾದರಿಯಿಂದ ಸುಮಾರು 26 ನಿಮಿಷಗಳಲ್ಲಿ ಇದನ್ನು ಪತ್ತೆಹಚ್ಚುವ ಪರೀಕ್ಷೆಯ ಫಲಿತಾಂಶ ಅಲ್ಲಿಯೇ 2022ರಲ್ಲಿ ಪ್ರಕಟವಾಯಿತು.

ಇಂಥ ಪರೀಕ್ಷೆ ಕೈಗೆಟುಕದ ಕಡೆ ಕುಟುಂಬದ ನೆನಪೇ ಆಧಾರ. ತಾಯಿ, ಅಜ್ಜಿ, ಸೋದರಮಾವ, ಚಿಕ್ಕಮ್ಮ ಇವರಲ್ಲಿ ಯಾರಿಗಾದರೂ ಚುಚ್ಚುಮದ್ದಿನ ನಂತರ ಕಿವಿ ಮಂದವಾಗಿದ್ದರೆ ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಬೇರೆ ಔಷಧ ಸಾಧ್ಯವೇ ಎಂಬುದನ್ನು ಅವರು ನಿರ್ಧರಿಸಬಲ್ಲರು. ಆದರೆ ಭಯದಿಂದ ಚಿಕಿತ್ಸೆಯನ್ನೇ ನಿರಾಕರಿಸುವುದು ಸಲ್ಲದು. ತೀವ್ರ ಸೋಂಕಿನಲ್ಲಿ ವಿಳಂಬ ಪ್ರಾಣಕ್ಕೇ ಎರವಾಗಬಹುದು. ಚಿಕಿತ್ಸೆಯ ನಡುವೆ ಕಿವಿಯಲ್ಲಿ ಮೊರೆತ, ತಲೆಸುತ್ತು ಕಂಡರೆ ಕೂಡಲೇ ವೈದ್ಯರಿಗೆ ಹೇಳಿ ಶ್ರವಣ ಪರೀಕ್ಷೆ ಮಾಡಿಸಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಈ ಪರೀಕ್ಷೆಯ ಸೌಲಭ್ಯವಿದೆ.