ಜಮಖಂಡಿ ಭಾಗದ ಶ್ರಾವಕರಿಗೆ ವಿಮಾನ ನಿಲ್ದಾಣ: ಸಾಂಬ್ರಾ, ಹುಬ್ಬಳ್ಳಿ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯವರು ಹೆಚ್ಚಾಗಿ ವಿಚಾರಿಸುವ ವಿಮಾನ ನಿಲ್ದಾಣಗಳು ಎರಡು: ಬೆಳಗಾವಿಯ ಸಾಂಬ್ರಾ ಮತ್ತು ಹುಬ್ಬಳ್ಳಿ. ಇವುಗಳ ನಡುವಿನ ಅಂತರ ಆಕಾಶಮಾರ್ಗದಲ್ಲಿ ಸುಮಾರು 75 ಕಿ.ಮೀ., ರಸ್ತೆಯಲ್ಲಿ ಸುಮಾರು 100 ಕಿ.ಮೀ.

ಸಾಂಬ್ರಾಕ್ಕೆ ರಸ್ತೆ ಅಂತರ (ಅಂದಾಜು ಕಿ.ಮೀ.): ಮುಧೋಳ 105, ರಬಕವಿ-ಬನಹಟ್ಟಿ 110, ಜಮಖಂಡಿ 130, ಬೀಳಗಿ 140. ಹುಬ್ಬಳ್ಳಿಗೆ ಮುಧೋಳದಿಂದ 130, ಬೀಳಗಿಯಿಂದ 150.

ಲೋಕಾಪುರ, ಯರಗಟ್ಟಿ ಮಾರ್ಗವಾಗಿ ಹೋದರೆ ಬೆಳಗಾವಿ ನಗರಕ್ಕಿಂತ ಮೊದಲೇ ಸಾಂಬ್ರಾ ಸಿಗುತ್ತದೆ. ಹುಬ್ಬಳ್ಳಿ ನಿಲ್ದಾಣ ಗೋಕುಲ ರಸ್ತೆಯಲ್ಲಿದ್ದು, ನವಲಗುಂದ ಕಡೆಯಿಂದ ಬರುವವರು ಊರು ದಾಟಬೇಕು. ಅದಕ್ಕೆ ಹೆಚ್ಚು ವೇಳೆ ಇಟ್ಟುಕೊಳ್ಳಬೇಕು.

ಟಿಕೆಟ್ ತೆಗೆಸುವ ಮುನ್ನ ಎರಡೂ ಕಡೆಯ ವೇಳೆ ನೋಡಿರಿ. ಸಂಜೆಯ ವಿಮಾನವಾದರೆ ದಾರಿಯಲ್ಲೇ ಸೂರ್ಯಾಸ್ತವಾಗಬಹುದು. ರಾತ್ರಿಭೋಜನ ತ್ಯಾಗದ ನೇಮವಿರುವ ಹಿರಿಯರಿಗೆ ಬುತ್ತಿ, ಗಾಳಿಸಿದ ನೀರು ಜೊತೆಗಿರಲಿ.