ರಾಜ್ಯ ಹೋದ ಮೇಲೆ ಸಿಕ್ಕ ಬಿಡುವು

ಹಾಸ್ಟೆಲಿನ ನನ್ನ ಕಪಾಟಿನಲ್ಲಿ ಜಲವರ್ಣದ ಒಂದು ಡಬ್ಬಿ ಇದೆ. ಪಿಎಚ್.ಡಿ.ಗೆ ಸೇರಿದ ವರ್ಷ ಕೊಂಡದ್ದು. ಈ ಅಧ್ಯಾಯವೊಂದು ಮುಗಿಯಲಿ, ಆಮೇಲೆ ಬಿಡುವು ಮಾಡಿಕೊಂಡು ಕೂರೋಣ ಎನ್ನುತ್ತಲೇ ಮೂರು ಅಧ್ಯಾಯಗಳು ಮುಗಿದವು. ಬಣ್ಣದ ಬಿಲ್ಲೆಗಳು ಬಿರುಕು ಬಿಟ್ಟಿವೆ. ಚರಿತ್ರೆ ಓದುವವಳಾದ್ದರಿಂದ ಇದನ್ನು ಸೋಮಾರಿತನ ಎಂದು ಒಪ್ಪಿಕೊಳ್ಳುವ ಬದಲು ಬೇರೆಯೇ ಪ್ರಶ್ನೆ ಕೇಳಿಕೊಂಡೆ: ಈ ‘ಬಿಡುವು’ ಎನ್ನುವುದು ಯಾರಿಗೆ, ಯಾವಾಗ, ಹೇಗೆ ಸಿಕ್ಕಿತ್ತು?

ಮೈಸೂರಿನ ಜಗನ್ಮೋಹನ ಅರಮನೆಗೆ ಹೋದವರು ಸಾಮಾನ್ಯವಾಗಿ ರವಿವರ್ಮನ ಚಿತ್ರಗಳನ್ನು ನೋಡಿ ಬರುತ್ತಾರೆ. ಮಹಡಿಯ ರಂಗಮಹಲಿನ ಗೋಡೆಗಳ ಮುಂದೆ ನಿಲ್ಲುವವರು ಕಡಿಮೆ. ಅಲ್ಲಿ ಒಡೆಯರ ವಂಶಾವಳಿಯ ಜೊತೆಗೆ ಆಟದ ಹಾಸುಗಳನ್ನೂ ಬಿಡಿಸಿದ್ದಾರೆ. ಅರಮನೆಯ ಗೋಡೆಯ ಮೇಲೆ ಯುದ್ಧ, ಬೇಟೆ, ದರ್ಬಾರು ಇರುವುದು ಸಹಜ. ಪಗಡೆ, ಚದುರಂಗದಂಥ ಆಟಗಳಿಗೆ ಇಷ್ಟು ಜಾಗ ಏಕೆ?

ಉತ್ತರ ಮುಮ್ಮಡಿ ಕೃಷ್ಣರಾಜ ಒಡೆಯರ ಬದುಕಿನಲ್ಲಿದೆ. 1799ರಲ್ಲಿ ಟಿಪ್ಪು ಮಡಿದ ಮೇಲೆ ಇಂಗ್ಲಿಷರು ಅವರನ್ನು ಪಟ್ಟಕ್ಕೆ ಕೂರಿಸಿದಾಗ ವಯಸ್ಸು ಐದು. ಮೊದಲು ಪೂರ್ಣಯ್ಯನವರ ಆಡಳಿತ, ಆಮೇಲೆ ಸುಮಾರು ಎರಡು ದಶಕ ಸ್ವಂತ ಆಳ್ವಿಕೆ. ನಗರದ ರೈತರು ದಂಗೆಯೆದ್ದರು. ದುರಾಡಳಿತದ ಕಾರಣ ಹೇಳಿ ಬೆಂಟಿಂಕ್ 1831ರಲ್ಲಿ ಅಧಿಕಾರ ಕಿತ್ತುಕೊಂಡ. ಕಮಿಷನರುಗಳ ಆಡಳಿತ ಬೆಂಗಳೂರಿನಿಂದ ನಡೆಯತೊಡಗಿತು. ಮೈಸೂರಿನಲ್ಲಿ ಉಳಿದ ಅರಸರಿಗೆ ಸಿಂಹಾಸನವಿತ್ತು, ಗೌರವಧನವಿತ್ತು, ಕೆಲಸವಿರಲಿಲ್ಲ. 1868ರಲ್ಲಿ ತೀರಿಕೊಳ್ಳುವವರೆಗೆ 37 ವರ್ಷಗಳ ಬಿಡುವು.

ಅವರ ಆಟ, ಚಿತ್ರ, ಗ್ರಂಥಗಳ ಕೆಲಸ ಹರಡಿಕೊಂಡದ್ದು ಹೆಚ್ಚಾಗಿ ಈ ಬಿಡುವಿನಲ್ಲೇ. ಚದುರಂಗದ ಕುದುರೆ ಅರವತ್ತನಾಲ್ಕು ಮನೆಗಳನ್ನೂ ಒಂದೊಂದೇ ಸಲ ಮುಟ್ಟಿ ಬರುವ ಸಮಸ್ಯೆ ಅವರನ್ನು ಬಹಳ ಕಾಡಿತ್ತು. ಅದಕ್ಕೆ ಬಗೆಬಗೆಯ ಪರಿಹಾರ ಕಟ್ಟಿದರು. ಅವರ ಹೆಸರಿನಲ್ಲಿರುವ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ದೇವತೆಗಳ, ಗ್ರಹಗಳ ರೂಪಗಳಿವೆ. ಕೊನೆಯ ಕೌತುಕನಿಧಿಯಲ್ಲಿ ಗಂಜೀಫಾ ಆಟಗಳು ಬರುತ್ತವೆ. ಗಂಜೀಫಾ ಪರ್ಷಿಯಾದ ಕಡೆಯಿಂದ ಬಂದು ಮೊಗಲರ ಕೈಯಲ್ಲಿ ಬೆಳೆದ, ಸಾಮಾನ್ಯವಾಗಿ ದುಂಡಗಿನ ಎಲೆಗಳ ಆಟ. ಮೊಗಲರ ಕಟ್ಟಿನಲ್ಲಿ 96 ಎಲೆಗಳು, ದಶಾವತಾರದ ಕಟ್ಟಿನಲ್ಲಿ 120. ಮೈಸೂರಿನ ಅರಸರು ‘ಛದ’ ಎಂಬ ಹೆಸರಿಟ್ಟು ಹೊಸ ಕಟ್ಟುಗಳನ್ನೇ ರೂಪಿಸಿದರು. ಅವುಗಳಲ್ಲಿ ದೊಡ್ಡದರಲ್ಲಿ 360 ಎಲೆಗಳು. ಒಂದೊಂದು ಎಲೆಯ ಮೇಲೂ ಅಂಗೈಗಿಂತ ಚಿಕ್ಕ ಜಾಗದಲ್ಲಿ ದೇವರು, ವಾಹನ, ಆಯುಧ.

ರಾಜ್ಯ ಕಳೆದುಕೊಂಡವನು ಎಲೆಯಾಟದಲ್ಲಿ ರಾಜ, ಮಂತ್ರಿಗಳನ್ನು ಜೋಡಿಸುತ್ತ ಕುಳಿತ ಎಂದು ನಗುವುದು ಸುಲಭ. ನಾನೂ ಮೊದಲು ಹಾಗೇ ಓದಿಕೊಂಡಿದ್ದೆ. ಆದರೆ ಅದೇ ವರ್ಷಗಳಲ್ಲಿ ಅವರು ರಾಜ್ಯವನ್ನು ಮರಳಿ ಕೊಡಿ ಎಂದು ಇಂಗ್ಲಿಷರಿಗೆ ಮನವಿಯ ಮೇಲೆ ಮನವಿ ಬರೆಯುತ್ತಿದ್ದರು. 1865ರಲ್ಲಿ ದತ್ತು ತೆಗೆದುಕೊಂಡರು. ಆ ದತ್ತುಮಗ ಚಾಮರಾಜೇಂದ್ರರಿಗೆ 1881ರಲ್ಲಿ ರಾಜ್ಯ ಮರಳಿತು. ಅದನ್ನು ನೋಡಲು ಅವರಿರಲಿಲ್ಲ. ಹವ್ಯಾಸ ಅವರಿಗೆ ಸೋಲನ್ನು ಮರೆಯುವ ದಾರಿಯಾಗಿತ್ತು ಎಂದು ಈಗ ನನಗೆ ಅನ್ನಿಸುವುದಿಲ್ಲ. ಇನ್ನೊಬ್ಬರ ಅಪ್ಪಣೆಗೆ ಕಾಯುವ ಮನುಷ್ಯನಿಗೆ ತಾನೇ ನಿಯಮ ಬರೆಯಬಹುದಾದ ಒಂದು ಜಾಗ ಬೇಕಾಗುತ್ತದೆ.

ಇಷ್ಟಕ್ಕೇ ನಿಲ್ಲಿಸಿದರೆ ಅದು ಅರ್ಧ ಚರಿತ್ರೆ. ಆಟ ಅರಸರದ್ದು, ಆ ಎಲೆಗಳಿಗೆ ಬಣ್ಣ ಹಾಕಿದವರು ಚಿತ್ರಗಾರರು. ಅಳಿಲಿನ ಕೂದಲಿನ ಕುಂಚ ಹಿಡಿದು, ಉಸಿರು ಬಿಗಿಹಿಡಿದು ಗೆರೆ ಎಳೆದವರಿಗೆ ಅದು ಹವ್ಯಾಸವಲ್ಲ, ಅನ್ನ. ಒಬ್ಬರ ಬಿಡುವು ಇನ್ನೊಬ್ಬರ ದುಡಿಮೆ. ಆಟಗಳಿಗೆ ಕೃಷ್ಣರಾಜರ ಹೆಸರು ಅಂಟಿಕೊಂಡಿದೆ. ಗೆರೆ ಎಳೆದವರ ಹೆಸರು ಹುಡುಕಬೇಕು.

ಬಿಡುವೂ ಇಲ್ಲದೆ, ಕೂಲಿಯೂ ಇಲ್ಲದೆ ಚಿತ್ರ ಮಾಡಿದವರೂ ಇದ್ದರು. ನಮ್ಮ ಅಜ್ಜಿ ಧಾರವಾಡದ ಕಡೆಯವರು. ಅವರ ಟ್ರಂಕಿನಲ್ಲಿ ಕಸೂತಿಯ ಒಂದು ಇಳಕಲ್ ಸೀರೆ ಇತ್ತು: ಗೋಪುರ, ತೇರು, ತುಳಸಿಕಟ್ಟೆ, ಆನೆ. ಕಸೂತಿಯಲ್ಲಿ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ, ಎಳೆ ಎಣಿಸಿ ಹಾಕುತ್ತಾರೆ. ಗಂಟು ಹಾಕುವುದಿಲ್ಲ. ಗವಂತಿ ಹೊಲಿಗೆ ಹೋದ ದಾರಿಯಲ್ಲೇ ತಿರುಗಿ ಬಂದು ಖಾಲಿ ಬಿಟ್ಟ ಜಾಗ ತುಂಬುತ್ತದೆ. ಎರಡೂ ಬದಿಗೆ ಒಂದೇ ಚಿತ್ರ. ಇದನ್ನು ಕಸೂತಿಯ ಜಾಣ್ಮೆ ಎಂದು ಹೊಗಳುತ್ತೇವೆ. ನನಗೆ ಕಾಣುವುದು ಇನ್ನೊಂದು. ಎಣಿಕೆಯ ಕೆಲಸವನ್ನು ಎಲ್ಲಿ ಬೇಕಾದರೂ ನಿಲ್ಲಿಸಬಹುದು. ಮಗು ಅತ್ತಾಗ ಮಡಚಿಟ್ಟು, ಮತ್ತೆ ಬಂದು ಎಳೆ ಎಣಿಸಿದರೆ ಬಿಟ್ಟ ಜಾಗ ಸಿಗುತ್ತದೆ. ತುಂಡು ತುಂಡಾದ ಮಧ್ಯಾಹ್ನಗಳಿಗೆ ಹೊಂದುವ ಕಲೆ ಅದು.

ಆ ಸೀರೆ ಎಷ್ಟು ದಿನ ಹಿಡಿಯಿತು ಎಂದು ಒಮ್ಮೆ ಕೇಳಿದ್ದೆ. “ದಿನಾ ಯಾರ ಎಣಿಸ್ಯಾರ? ಎಳಿ ಎಣಿಸೋದ ಸಾಕಾಗಿತ್ತು” ಅಂದಿದ್ದರು.

ಅರಸರಿಗೆ ಸಿಕ್ಕಂಥ ಬಿಡುವು ನನಗೆ ಸಿಗುವುದಿಲ್ಲ; ಅದಕ್ಕೆ ಅವರು ತೆತ್ತ ಬೆಲೆ ನೋಡಿದರೆ ಬೇಕೂ ಇಲ್ಲ. ಕಳೆದ ವಾರ ಬಿರುಕು ಬಿಟ್ಟ ಬಿಲ್ಲೆಗಳ ಮೇಲೆ ಎರಡು ಹನಿ ನೀರು ಹಾಕಿದೆ. ಬಣ್ಣ ಬಿಟ್ಟಿತು. ಇಪ್ಪತ್ತು ನಿಮಿಷದಲ್ಲಿ ಅರ್ಧ ಎಲೆಯಷ್ಟೇ ಬಂತು. ಮಡಚಿಟ್ಟು ಓದಲು ಕುಳಿತೆ.